ಕೀಲಿ ಇಲ್ಲದ ಮನಿ

ಮಾಳಗಿ ಮ್ಯಾಲಿನ ನನ್ನ ಖೋಲಿಯಿಂದ
ಕೆಳಗಿನ ಮಗ್ಗದ ಶೆಡ್ಡಿಗೆ ಹತ್ತೊಂಬತ್ತು ಮೆಟ್ಟಲ.
ಆರು ವರ್ಷ ನನ್ನ ನವಿಲು, ನನ್ನ ಕಮಲ, ಅಂಚಿನ ಬಳ್ಳಿ
ಪೆನ್‌ಡ್ರೈವಿನ್ಯಾಗ ಕುಂತು
ಕೀಲಿಗೊಂಚಲಕ್ಕ ಜೋತುಬಿದ್ದು ಇಳದಾವ,
ಚಾದರಾಗಿ ಸೋಲಾಪುರ ಬಿಟ್ಟು ಹೋಗ್ಯಾವ.
ಹೋದ ವಾರ ಅದಕ್ಕ ವೈರಸ್ ಬಡಿದು ಸತ್ತಿತು.

"ಕಾಕೂ, ಎರಡೂ ಒಂದ ವಾಯ್‌ಫಾಯ್‌ನ್ಯಾಗ ಅದಾವ,
ಫೋಲ್ಡರ್ ಶೇರ್ ಮಾಡಿದರ ಆತು,
ಐದು ಮಿನಿಟಿನ ಕೆಲಸ" ಅಂದಳು ಪ್ರಾಜಕ್ತಾ.

ಆ ಐದು ಮಿನಿಟ ಸೋಮವಾರ ಸುರುವಾಗಿ
ಬುಧವಾರ ಸಂಜಿತನಕ ಮುಗೀಲಿಲ್ಲ.

ಮೊದಲಿಗೆ ಕೆಳಗಿನ ಕಂಪ್ಯೂಟರು ಕಾಣಸಲೇ ಇಲ್ಲ.
ಹುಡುಕಿ ನೋಡಿದರ
ಮನಿಯೊಳಗ ಕುಂತು ಅದು
ಎಸ್ಟಿ ಸ್ಟ್ಯಾಂಡಿನ್ಯಾಗ ಕುಂತೀನಿ ಅಂತ ತಿಳಕೊಂಡಿತ್ತು.
'ಪಬ್ಲಿಕ್' ಅಂತ ಬರಕೊಂಡು
ಗಂಟು ತೊಡೀಮ್ಯಾಲ ಇಟಗೊಂಡು
ಯಾರು ಕರದರೂ ಓ ಅನ್ನವಲ್ಲದು.
ಇದು ನಿನ್ನ ಮನಿನ ಐತೆವ್ವಾ, ಅಂತ
ಒಂದು ಗುಂಡಿ ಒತ್ತಿ ತಿಳಿಸಿ ಹೇಳಿದಿವಿ.
ಆಗ ಮೂಡಿತು ಹೆಸರು.

ಹೆಸರು ಕಂಡರ ಬಾಗಲಾ ತೆರದಂಗೇನು?
ಬಳಕೆದಾರ ಯಾರು, ಪಾಸ್‌ವರ್ಡ್ ಏನು ಅಂತ ಕೇಳಿತು.
ಪಾಸ್‌ವರ್ಡೇ ಇಟ್ಟಿಲ್ಲಲ್ಲ,
ಖಾಲಿ ಬಿಟ್ಟು ಒತ್ತಿದೆ. ಪರವಾನಗಿ ಇಲ್ಲ.
ಸಿಟ್ಟೀಲೆ ಒತ್ತಿದೆ. ಇಲ್ಲ.
ಕೆಳಗ ಅಂಬಾದಾಸ ಖಾಲಿ ಮಗ್ಗದ ಮುಂದ
ಬೀಡಿ ಹಚ್ಚಿ, ಆರಿಸಿ, ಮತ್ತ ಹಚ್ಚಿದ.

ಮಾವನೋರು ಮ್ಯಾಲ ಬಂದರು, ಮೊಣಕಾಲ ಹಿಡಕೊಂಡು.
ಮಿಲ್ಲಿನ್ಯಾಗ ಜಾಬರ್ ಇದ್ದವರು;
ಮೌಸು ಮುಟ್ಟಲಿಲ್ಲ, ಕಟ್ಟೀಮ್ಯಾಲ ಕುಂತರು.
"ಮಗ್ಗ ನಿಂತರ ಬೈಬಾರದು.
ಅಂಚಿನಿಂದ ಕೈ ಓಡಸು.
ಎರಡು ಸಾವಿರದ ನಾಕನೂರು ಎಳಿಯೊಳಗ
ಸಡಲಾದದ್ದು ಒಂದ ಇರ್ತದ,
ಬೆರಳಿಗೆ ತಾನ ಹೇಳ್ತದ."

ಓಡಿಸಿದೆ.
ವಾಯರು ಗಟ್ಟಿ. ಹಸರು ದೀಪ ಮಿಣಮಿಣ.
ನಾಕು ಸಲ ಕೂಗಿದೆ, ನಾಕು ಸಲ ಮಾರುತ್ತರ ಬಂತು.
ಫೋಲ್ಡರಿನ ಮ್ಯಾಲ 'ಎಲ್ಲಾರಿಗೂ' ಅಂತ ನಾನ ಬರದದ್ದು,
ಅದೂ ಅಲ್ಲೇ ಅದ.
ಉಳದದ್ದು ಆ ಖಾಲಿ ಖಾನೆ ಒಂದ.

ಪ್ರಾಜಕ್ತಾ ಮೊಬೈಲಿನಿಂದ ಕಣ್ಣ ಎತ್ತಿದಳು:
"ಪಾಸ್‌ವರ್ಡ್ ಇಲ್ಲಂತನ ಬಿಡವಲ್ಲದು, ಕಾಕೂ.
ಮುಂದ ಬಂದು ಕುಂತವರಿಗೆ ಏನೂ ಕೇಳೂದಿಲ್ಲ,
ದೂರಿಂದ ಬಂದವರಿಗೆ
ಕೀಲಿ ಇಲ್ಲದ ಮನಿ ತೆರಿಯೂದಿಲ್ಲಂತ."

ಹೌದಲ್ಲ, ಅಂಬಾದಾಸನ ಮಗ ದಿನಾ ಸಂಜಿಕೆ
ಅದರ ಮುಂದ ಕುಂತು ಗೇಮ್ ಆಡ್ತಾನ,
ಒಂದು ದಿನಾ ನೀ ಯಾರು ಅಂದಿಲ್ಲ.

ಮಾವನೋರಿಗೆ ನಗು ಬಂತು, ನಿಂತಿತು.
ರಾತ್ರಿಪಾಳಿ ನಡಿಯೂ ಮನಿ ನಮ್ದು,
ಬಾಗಲಾ ಹಾಕಿದ್ದ ನೆನಪಿಲ್ಲ.
ಕೀಲಿಗೊಂಚಲದಾಗ ಇರೂವು
ತಿಜೋರಿದೊಂದು, ಸೈಕಲಿಂದೊಂದು,
ಇನ್ನೊಂದು ಯಾವದರದು ಯಾರಿಗೂ ಗೊತ್ತಿಲ್ಲ.

"ಏನಿಡೂದು ಮತ್ತ?" ಅಂದೆ.
ದೊಡ್ಡಕ್ಷರ, ಸಣ್ಣಕ್ಷರ, ನಡುವ ಒಂದು ಚಿನ್ಹೆ
ಅಂತ ಹುಡಗಿ ಸುರು ಮಾಡಿದ್ದಳು.
"ಹನ್ನೊಂದು ನಾಲ್ವತ್ತೇಳು" ಅಂದರು ಮಾವ.

ಮಿಲ್ಲಿನ ಹಿತ್ತಾಳಿ ಬಿಲ್ಲಿಯ ನಂಬರು.
ಇಪ್ಪತ್ತಾರು ವರ್ಷ ಅದನ್ನ ತೋರಿಸಿ ಒಳಗ ಹೋಗ್ಯಾರ.
ಒಂದಿನ ಮರತು ಹೋಗಿದ್ದಕ್ಕ
ಖುದ್ದ ತಮ್ಮ ನಿಂತಿದ್ದ ಗೇಟಿನ್ಯಾಗ,
ಆದರೂ ಬಿಡಲಿಲ್ಲಂತ.

ನಾಕು ಅಂಕಿ ಒತ್ತಿದೆ.
ನವಿಲು ಹೊಂಟಿತು, ಹಸರು ಪಟ್ಟಿ ತುಂಬಿತು,
ಕೆಳಗಿಂದ ಅಂಬಾದಾಸನ ಕೂಗು: "ವಚ್ಚಿಂದಿ!"
ಸ್ವಲ್ಪ ತಡದು ಮತ್ತ,
ಕೊಕ್ಕಿನ್ಯಾಗ ಒಂದು ಚುಕ್ಕಿ ಹೆಚ್ಚಾಗ್ಯದಂತ.
ಆಗಿತ್ತು. ಅಳಿಸಿ ಕಳಿಸಿದೆ, ಕುಂತಲ್ಲಿಂದ.

ಮರುದಿನ ಶೆಡ್ಡಿಗೆ ಇಳದರ
ಕಂಪ್ಯೂಟರಿನ ಹಿಂದಿನ ಗ್ವಾಡಿಗೆ
ಅಂಗೈಯಷ್ಟು ದೊಡ್ಡದಾಗಿ, ಚಾಕಪೀಸಿಲೆ,
ಮಾವನ ಅಕ್ಷರ: ೧೧೪೭.

"ಅಜ್ಜಾ, ಪಾಸ್‌ವರ್ಡ್ ಹಿಂಗ ಬರೀಬಾರದು!"
"ಮತ್ತ ರಾತ್ರಿಪಾಳಿಯವರಿಗೆ ಹ್ಯಾಂಗ ಗೊತ್ತಾಗಬೇಕು?"

ಪ್ರಾಜಕ್ತಾ ಒರಸಲಿಕ್ಕೆ ಬಟ್ಟಿ ತಂದಳು.
ಅಷ್ಟರಾಗ ಕನ್ನಡ ಅಂಕಿ ಬಾರದವರು ಯಾರೋ
ಅದರ ಕೆಳಗ ಬರದಿದ್ದರು: ११४७.