ಕಡವು

ಕಾಫಿ ಕಣದ ಅರ್ಧಕ್ಕೆ ರೊಬಸ್ಟಾ ಹರವಿದೆ.
ಉಳಿದರ್ಧದಲ್ಲಿ ಅಯ್ಯಣ್ಣ ಸುಣ್ಣದ ಪುಡಿಯಿಂದ
ಒಂದು ಗಾಡಿ ಬರೆದಿದ್ದಾರೆ:
ಉದ್ದ ಏಳು ಮೀಟರ್ ಮೂವತ್ತು, ಅಗಲ ಎರಡು ಮೂವತ್ತು.
ಎತ್ತರವನ್ನು ನೆಲದಲ್ಲಿ ಬರೆಯಲಾಗದೆ
ಕಾಳುಮೆಣಸಿನ ಏಣಿಯನ್ನು ಮೂಲೆಗೆ ನಿಲ್ಲಿಸಿ
ಎಂಟನೇ ಮೆಟ್ಟಿಲಿಗೆ ಕೆಂಪು ಬಟ್ಟೆ ಕಟ್ಟಿದ್ದಾರೆ.

ನಾದಿನಿ ಪೊನ್ನವ್ವ ಪೋರ್ಟ್ಸ್‌ಮತ್‌ನಲ್ಲಿ ನರ್ಸು.
ಅವಳ ಮೋಟರ್‌ಹೋಮು ಏಪ್ರಿಲ್‌ನಿಂದ ಆರು ವಾರ ನಮಗೆ.
"ಸ್ಪೇನಿಗೆ ಹೋಗಿ ಬಿಸಿಲು ಕಾಯಿಸಿಕೊಳ್ಳಿ" ಅಂದಳು,
ಫೆಬ್ರವರಿಯ ಮೂರ್ನಾಡಿನಲ್ಲಿ ನೆತ್ತಿ ಸುಟ್ಟುಕೊಂಡು ನಿಂತವರಿಗೆ.
"ಹಡಗು ಯಾವುದು ಅಂತ ಮಾತ್ರ ನೀವೇ ನೋಡಿ."

ನೋಡುತ್ತಿದ್ದೇವೆ, ಹದಿನೇಳು ದಿನದಿಂದ.

ಡೋವರ್‌ನಿಂದ ಕ್ಯಾಲೆಗೆ ಒಂದೂವರೆ ಗಂಟೆ.
ಒಂದು ಲೋಟ ಕಾಫಿ, ಇನ್ನೊಂದು ಲೋಟ ಕಾಫಿ, ಮುಗಿಯಿತು ಸಮುದ್ರ.
ಆಮೇಲೆ ಫ್ರಾನ್ಸು. ಮೂರು ದಿನ ಪೂರ್ತಿ ಫ್ರಾನ್ಸು,
ಟೋಲಿನ ಮೇಲೆ ಟೋಲು, ಬಲಬದಿಯ ರಸ್ತೆ.
ಪೋರ್ಟ್ಸ್‌ಮತ್‌ನಿಂದ ಸಾಂತಾಂದೇರ್‌ಗಾದರೆ
ಒಂದು ರಾತ್ರಿ, ಒಂದು ಹಗಲು, ಮೇಲೊಂದಿಷ್ಟು;
ಇಳಿದರೆ ನೇರ ಸ್ಪೇನು. ದುಡ್ಡು ಮೂರು ಪಟ್ಟು.
ನಡುವೆ ಬಿಸ್ಕೆ ಕೊಲ್ಲಿ.
ಹೆಸರು ಬಿಸ್ಕತ್ತಿನ ಹಾಗಿದೆ, ಅಲೆ ಹಾಗಿಲ್ಲವಂತೆ.

ಅವರಿಗೆ ರಸ್ತೆ ಬೇಕು.
ಮೂವತ್ತೊಂದು ವರ್ಷ ವಿರಾಜಪೇಟೆ–ಮಡಿಕೇರಿ ಬಸ್ಸು ಓಡಿಸಿದವರು,
ಸ್ಟೀರಿಂಗ್ ಕೈಯಲ್ಲಿಲ್ಲದೆ ಅಷ್ಟು ಹೊತ್ತು
ಬೇರೆಯವನ ಗಾಡಿಯ ಹೊಟ್ಟೆಯಲ್ಲಿ ಕೂರುವುದೆಂದರೆ!
ನನಗೇನು ಬೇಕೋ ಯಾರೂ ಕೇಳಲಿಲ್ಲ.
ಮಾಕುಟ್ಟದ ತಿರುವುಗಳಿಗೇ ನಿಂಬೆಹಣ್ಣು ಮೂಸುವವಳು,
ಉತ್ತರ ಗೊತ್ತೇ ಇದೆ ಅಂದುಕೊಂಡಿದ್ದಾರೆ.

ಸಂಜೆ ಕಾಫಿ ರಾಶಿ ಮಾಡಲು ಬಂದ ಮುತ್ತಿ
ಗೆರೆಯ ಹೊರಗೇ ನಿಂತು ಕೇಳಿದಳು: "ಅವ್ವ, ಬಾಗಿಲೆಲ್ಲಿ?"
ಬರೆದಿರಲೇ ಇಲ್ಲ.
ಇಷ್ಟು ದಿನ ಗೋಡೆ ತುಳಿದೇ ಒಳಗೆ ಹೋಗಿ
ಒಲೆ ಎಲ್ಲಿ, ನೂಪುಟ್ಟಿನ ಒರಳು ಎಲ್ಲಿ,
ಕಾಚಂಪುಳಿ ಶೀಶೆ ಉರುಳದ ಹಾಗೆ ಎಲ್ಲಿಡುವುದು
ಎಂದು ಜಗಳವಾಡಿದ್ದೆವು.
ಅಯ್ಯಣ್ಣ ಕಾಲ ಹೆಬ್ಬೆರಳಲ್ಲಿ ಎರಡಡಿ ಸುಣ್ಣ ಅಳಿಸಿದರು.
ಮುತ್ತಿ ಒಳಗೆ ಬಂದು, ಹಾಸಿಗೆಯ ಜಾಗದಲ್ಲಿ ಕೂತು
ಎಲೆಯಡಿಕೆ ಹಾಕಿಕೊಂಡಳು.

ಭಾನುವಾರ ಕೊಂಡಂಗೇರಿಗೆ ಹೋದೆ, ಒಬ್ಬಳೇ.
ಸೇತುವೆಗೆ ಮೊದಲು ಅಲ್ಲಿ ದೋಣಿ ಹಾಕುತ್ತಿದ್ದ ಮೊಯ್ದುಕುಟ್ಟಿಗೆ
ಈಗ ಕಣ್ಣು ಮಂಜು. ದನಿಯಲ್ಲೇ ಗುರುತು ಹಿಡಿದರು.
ಎಲ್ಲ ಹೇಳಿದೆ. ಪೌಂಡು, ಗಂಟೆ, ಅಲೆ.
"ಮನೆಯನ್ನೇ ದೋಣಿಗೆ ಹಾಕ್ತೀರಾ?" ಬಹಳ ಹೊತ್ತು ನಕ್ಕರು.
ಆಮೇಲೆ, "ನಂದು ಎಂಟಾಣೆ ಇತ್ತು.
ಆಡಿಗೆ ನಾಲ್ಕಾಣೆ. ಮದುಮಗಳಿಗೆ ಪುಕ್ಕಟೆ."
"ಹೆದರುವವರನ್ನ ಎಲ್ಲಿ ಕೂರಿಸ್ತಿದ್ರಿ?"
"ಮುಂದೆ. ನೀರು ಕಾಣೋ ಹಾಗೆ.
ಇತ್ತ ತಿರುಗಿ ಕೂತರೆ ನನ್ನ ಮುಖ ನೋಡಿ ಇನ್ನೂ ಹೆದರೋರು."

ಬರುವಾಗ ಸೇತುವೆಯ ಬಾಯಲ್ಲಿ ಬಸ್ಸು ನಿಂತಿತು, ಎದುರಿಗೆ ಮರದ ಲಾರಿ.
ಕೆಳಗೆ ಕಾವೇರಿ ಮೊಣಕಾಲುದ್ದ.
ಈ ಜಿಲ್ಲೆಯಲ್ಲಿ ರೈಲಿಲ್ಲ, ಕಡಲಿಲ್ಲ;
ಕಡಲು ಬೇಕೆಂದರೆ ಮೊದಲು ಘಾಟಿ ಇಳಿಯಬೇಕು.
ನಾನು ಇಳಿದದ್ದೆಲ್ಲ ಕಣ್ಣು ಮುಚ್ಚಿಯೇ.
ಮಾಕುಟ್ಟ ಹೇಗಿದೆ ಅಂತ ಕೇಳಿದರೆ
ನಿಂಬೆಹಣ್ಣಿನ ವಾಸನೆ ಅನ್ನಬೇಕು.

ರಾತ್ರಿ ಅಂದೆ: "ಸಾಂತಾಂದೇರ್."
ಅವರು ಕನ್ನಡಕ ತೆಗೆದರು, ಹಾಕಿಕೊಂಡರು.
"ವಾಂತಿ?"
"ಮಾಡ್ತೀನಿ. ಬರುವಾಗ ನಿಮ್ಮ ಫ್ರಾನ್ಸು."

ಉದ್ದ ತುಂಬಿದರು, ಅಗಲ ತುಂಬಿದರು,
ಎತ್ತರಕ್ಕೆ ಎದ್ದುಹೋಗಿ ಟಾರ್ಚು ಬಿಟ್ಟು ಏಣಿ ನೋಡಿಬಂದರು.
ಕೊನೆಗೆ ಕ್ಯಾಬಿನ್ನು: ಕಿಟಕಿ ಇರುವುದೋ, ಇಲ್ಲದ್ದೋ?
ಇರುವುದಕ್ಕೆ ಇಪ್ಪತ್ತೆರಡು ಪೌಂಡು ಹೆಚ್ಚು.
"ರಾತ್ರಿ ಏನು ಕಾಣುತ್ತೆ, ಬರೀ ಕತ್ತಲು."
"ಕತ್ತಲೇ ಕಾಣಲಿ. ಕಿಟಕಿ ಇರಲಿ."

ಹೊರಗೆ ಕಣದಲ್ಲಿ ನಾಯಿ
ಬಾಗಿಲು ಬಿಟ್ಟು ಗೋಡೆಯಿಂದಲೇ ಒಳಗೆ ಬಂದು
ಡ್ರೈವರ್ ಸೀಟಿನಲ್ಲಿ ಮಲಗಿತ್ತು.