ನಿಂತ ಸುದ್ದಿ

ದೇರಳಕಟ್ಟೆಯ ಗುಡ್ಡ ಕೊರೆದು, ಮುರಕಲ್ಲಿನ ಕೆಳಗೆ
ಎರಡು ಮೀಟರ್ ಕಾಂಕ್ರೀಟಿನೊಳಗೆ ನನ್ನ ಯಂತ್ರ.
ಬೆಳಿಗ್ಗೆ ಆರೂವರೆಗೆ, ರೋಗಿಗಳಿಗಿಂತ ಮೊದಲು,
ನೀರಿನ ಪೆಟ್ಟಿಗೆಗೆ ಹೊಡೆದು ಅಳೆಯುತ್ತೇನೆ:
ನಿನ್ನೆಯಷ್ಟೇ ಇದೆಯೇ ಇವತ್ತೂ?
ಇದ್ದರೆ ಸಹಿ. ಇಲ್ಲದಿದ್ದರೆ
ಕೊಚ್ಚಿಯಿಂದ ಇಂಜಿನಿಯರ್ ಬರುವವರೆಗೆ ಎಲ್ಲರಿಗೂ ನಾಳೆ.

ಹನ್ನೊಂದನೇ ಟೋಕನ್: ಐತಪ್ಪ ತಿಂಗಳಾಯ, ತೋಟ ಬೆಂಗ್ರೆ,
ವಯಸ್ಸು ಅರವತ್ತೆರಡು, ಗಂಟಲು, ಮೂವತ್ತಮೂರು ಸರ್ತಿ.
ಮೂವತ್ತು ವರ್ಷ ತಾಂಡೇಲ. ಈಗ ಸ್ವರ
ಮರಳಿನ ಮೇಲೆ ಎಳೆದ ಹಲಗೆ.
ಬಿಸಿನೀರಲ್ಲಿ ಮೆತ್ತಗಾದ ಜಾಳಿಗೆ ಮುಖಕ್ಕೆ ಒತ್ತಿ ಅಚ್ಚು ತೆಗೆದ ದಿನ
"ಬಲೆಯ ಕಣ್ಣು ಸಣ್ಣದಾಯಿತು ಟೀಚರ್, ಮರಿಗಳೂ ಸಿಕ್ಕುತ್ತವೆ" ಎಂದರು.
ನಾನು ಟೀಚರಲ್ಲ. ತಿದ್ದಲಿಲ್ಲ.

ಒಳಗೆ ಏನು ಓಡುತ್ತದೆ, ಕೇಳಿದರು, ನನಗೆ ತಿಳಿಯಬೇಕು,
ಗೊತ್ತಿಲ್ಲದ ನೀರಿಗೆ ನಾನು ಇಳಿಯುವವನಲ್ಲ.

ಎಲೆಕ್ಟ್ರಾನು, ಎಂದೆ. ನಿಂತಿದ್ದರೆ ಅದರ ಸುತ್ತ
ಕಡಲಿನ ಮುಳ್ಳುಚೆಂಡಿನ ಹಾಗೆ ಎಲ್ಲ ಕಡೆಗೂ ಸಮ ಗೆರೆಗಳು.
ಬೆಳಕಿಗಿಂತ ಸಾವಿರಕ್ಕೆ ಮೂರರಷ್ಟೇ ಕಡಿಮೆ ಓಡಿದರೆ
ಮುಂದಿನ ಮುಳ್ಳು, ಹಿಂದಿನ ಮುಳ್ಳು ಬಡವಾಗಿ
ಬದಿಯವು ಹನ್ನೆರಡು ಪಟ್ಟು ಬಲಿತು
ಚೆಂಡು ಚಪ್ಪಟೆ.
"ತೊರಕೆ ಮೀನಿನ ಹಾಗೆ?"
ಅಲ್ಲ. ತೊರಕೆ ಮಲಗಿ ಹೋಗುತ್ತದೆ. ಇದು ನಿಂತ ಗೆರಸೆ,
ಓಡುವ ದಿಕ್ಕಿಗೆ ಎದೆಯೊಡ್ಡಿದ್ದು.
ಅವರು ನಕ್ಕು ಕೆಮ್ಮಿದರು, ಕೆಮ್ಮಿ ನಕ್ಕರು:
"ನೀರು ಸೀಳದ ದೋಣಿಯನ್ನು ಯಾವ ಮರುಳ ಕಟ್ಟಿದ?"

ಇದಕ್ಕೆ ಉತ್ತರ ನನ್ನಲ್ಲಿ ಇವತ್ತಿಗೂ ಇಲ್ಲ.

ಇನ್ನೊಂದು ವಿಚಿತ್ರ ಹೇಳಿದೆ. ದೂರದ ಗೆರೆಗೆ
ಸುದ್ದಿ ಮುಟ್ಟುವುದು ತಡವಾಗಿ, ಬೆಳಕಿನ ನಡೆಯಲ್ಲಿ.
ಆದರೂ ವೇಗ ಬದಲಾಗದಿದ್ದರೆ ಅದು ತೋರುವುದು
ಕಣ ಆಗ ಇದ್ದ ಜಾಗವನ್ನಲ್ಲ, ಈಗ ಇರುವ ಜಾಗವನ್ನೇ;
ಹಳೆಯ ಸುದ್ದಿಯಿಂದಲೇ ಲೆಕ್ಕ ಹಾಕಿದಂತೆ.

ಅವರು ಸುಮ್ಮನಾದರು. ಹತ್ತೊಂಬತ್ತನೇ ಸರ್ತಿಯ ದಿನ
ಅಂಗಿಯ ಗುಂಡಿ ಹಾಕುತ್ತ ತಾವಾಗಿ ತೆಗೆದರು ಮಾತು:

"ನಮ್ಮ ಸೇಸಿ ಹಾಗೆಯೇ. ಗಡಿಯಾರ ನೋಡಿ ಕಡಲಿಗೆ ಬೆರಳು ಚಾಚುವುದು:
ಈಗ ಸುರತ್ಕಲ್ ದೀಪದ ನೇರ. ಈಗ ತಣ್ಣೀರುಬಾವಿ. ಈಗ ಅಳಿವೆ.
ಒಮ್ಮೆಯೂ ತಪ್ಪಿದ್ದಿಲ್ಲ.
ಒಂದು ವರ್ಷ ಮೂಲ್ಕಿಯ ಹೊರಗೆ ಇಂಜಿನ್ ಸತ್ತಿತು. ನಾವು ನಿಂತೆವು.
ಅವಳ ಬೆರಳು ನಿಲ್ಲಲಿಲ್ಲ.
ನಿಲ್ಲದ ನಾನು ಅಳಿವೆ ದಾಟಿ ಬಂದೆ, ಧಕ್ಕೆಗೆ ಕಟ್ಟಿದೆ,
ಆ ನನಗೆ ಅವಳು ಮೀಯಲು ನೀರು ಕಾಯಿಸಿದ್ದಳು.
ಬೇರೆ ದೋಣಿಯವರು ಬಂದು ಹೇಳುವಾಗ
ಹಂಡೆ ಇನ್ನೂ ಹೊಗೆಯಾಡುತ್ತಿತ್ತಂತೆ."

ಕೈಯಲ್ಲಿದ್ದ ಫೈಲು ಕೆಳಗಿಟ್ಟೆ.
ಅದೇ, ಎಂದೆ. ಐತಪ್ಪಣ್ಣ, ಕೂದಲೆಳೆ ಹೆಚ್ಚುಕಡಿಮೆಯಿಲ್ಲದೆ ಅದೇ.
ಟಂಗ್‌ಸ್ಟನ್ ತಗಡಿಗೆ ಬಡಿದು ಎಲೆಕ್ಟ್ರಾನು ನಿಲ್ಲುತ್ತದೆ.
ಹತ್ತಿರದ ಗೆರೆಗೆ ಗೊತ್ತು. ದೂರದ್ದಕ್ಕೆ ಗೊತ್ತಿಲ್ಲ,
ಅದಿನ್ನೂ ತೋರುತ್ತಿದೆ, ತಗಡಿನಾಚೆ
ನಿಲ್ಲದೆ ಹೋಗಿದ್ದರೆ ಇರುತ್ತಿದ್ದ ಒಂದನ್ನು.
ಎರಡೂ ಕೂಡುವಲ್ಲಿ ಗೆರೆ ಮುರಿದು ಬಾಗುತ್ತದೆ.
ಆ ಮುರುಕು ಸುಮ್ಮನಿರದು, ಹೊರಟುಬಿಡುತ್ತದೆ.
ನಿಮ್ಮ ಗಂಟಲಿಗೆ ದಿನಾ ಬೀಳುವುದು ಅದು.

"ನಿಂತ ಸುದ್ದಿ," ಎಂದರು.
ಸ್ವಲ್ಪ ಹೊತ್ತು ಬಿಟ್ಟು:
"ಎರಡು ದಿನ ಕಳೆದು ನಾವು ದಡ ಮುಟ್ಟಿದಾಗಲೂ
ಸೇಸಿಯ ಮುಖದಲ್ಲಿ ಇತ್ತು ಅದು. ಸುಡುತ್ತದೆ."

ಮೂವತ್ತಮೂರು ಮುಗಿದ ದಿನ ಸೇಸಕ್ಕ
ಒಣಸಿಗಡಿಯ ಪೊಟ್ಟಣ ಕೈಗಿಟ್ಟು ಹೋದರು, ಫೆರಿ ತಪ್ಪುತ್ತದೆಂಬ ಅವಸರ.
ಮೂರು ತಿಂಗಳಿಗೆ ತೋರಿಸಲು ಬರಬೇಕಿತ್ತು. ಬರಲಿಲ್ಲ.
ಫೋನು ಯಾರೂ ಎತ್ತುವುದಿಲ್ಲ. ಗುಣವಾದವರು
ಆಸ್ಪತ್ರೆಯ ಮುಖ ನೋಡುವುದಿಲ್ಲ, ಎನ್ನುತ್ತಾಳೆ ಸಿಸ್ಟರ್ ಜುಲಿಯಾನಾ,
ನನ್ನ ಮುಖ ನೋಡದೆ.

ಮನೆಯಲ್ಲಿ ಸಿಗಡಿ ಅರ್ಧ ಉಳಿದಿದೆ.
ಸಂಜೆ ಐದೂವರೆಗೆ, ಗುಡ್ಡದ ಮೇಲಿನ ಪಾರ್ಕಿಂಗಿನಿಂದ
ಕಡಲು ಒಂದು ಬಿಳಿಯ ಗೀಟಿನಷ್ಟು ಕಾಣುತ್ತದೆ.
ಈಗ ಹೊಯಿಗೆಯ ಮೇಲೆ ಕುಳಿತು ಬಲೆ ಹೊಲಿಯುತ್ತಿರಬೇಕು,
ಅದೇ ನಡೆಯಲ್ಲಿದ್ದರೆ,
ಎಂದು ಸ್ಕೂಟರಿನ ಕೀಲಿ ಹಿಡಿದ ಕೈಯನ್ನೇ
ಬೆಂಗ್ರೆಯ ಕಡೆಗೆ ಚಾಚುತ್ತೇನೆ.