ಒಂಬತ್ತು ಚುಕ್ಕೆ

ಮಾಚೇನಹಳ್ಳಿಯ ನಮ್ಮ ಫೌಂಡ್ರಿಯಲ್ಲಿ
ಅರವತ್ತೆರಡು ಕಂಪ್ಯೂಟರು, ನಾನೊಬ್ಬ.
ಪ್ರಿಂಟರಿಗೆ ಸಿಕ್ಕಿಕೊಂಡ ಕಾಗದ ಎಳೆಯುವವನೂ ನಾನೇ,
ಎಂ.ಡಿ. ಮಗಳ ಪ್ರಾಜೆಕ್ಟಿಗೆ ಚಿತ್ರ ಅಂಟಿಸುವವನೂ.

ಆಷಾಢದ ಒಂದು ಮಂಗಳವಾರ ಪುಣೆಯಿಂದ ನೋಟಿಸು:
ನಿಮ್ಮ ಪಂಪಿನ ಕವಚ ಬಿರುಕು ಬಿಟ್ಟಿದೆ,
ನಲವತ್ತೊಂದು ಲಕ್ಷ ಕಟ್ಟಿಕೊಡಿ.
ದಪ್ಪ ಕಡಿಮೆ ಮಾಡಿ ಅಂದವರು ಅವರೇ,
ಏಳು ವರ್ಷದ ಹಿಂದೆ, ಒಂದು ಮೇಲಿನಲ್ಲಿ.
ಆ ಮೇಲು ಮಾರಾಟ ವಿಭಾಗದ
ಷಡಕ್ಷರಪ್ಪನವರ ಹಳೆಯ ಗಂಟಿನಲ್ಲಿ.
ಗಂಟಿಗೆ ಪಾಸ್‌ವರ್ಡು.
ಷಡಕ್ಷರಪ್ಪನವರಿಗೆ ಮೇ ತಿಂಗಳಲ್ಲಿ ಲಕ್ವ ಹೊಡೆದು
ಬಾಯಿಗೂ ಬೀಗ.

ಇಡೀ ಆಫೀಸು ನನ್ನ ಕುರ್ಚಿಯ ಹಿಂದೆ ನೆರೆಯಿತು.
ಹೆಂಡತಿ ಹೆಸರು ಹೊಡಿ. ಹೊಡೆದೆ.
ಹಳೇ ಸ್ಕೂಟರಿನ ನಂಬರು ಹೊಡಿ. ಹೊಡೆದೆ.
'ಹೆಸರೇ ಷಡಕ್ಷರಿ ಅಲ್ವೇನ್ರಿ, ಮಂತ್ರ ಹೊಡೀರಿ'
ಅಂದಳು ಲೆಕ್ಕದ ವಿಭಾಗದ ಫ್ಲಾವಿಯಾ.
ಓಂ ನಮಃ ಶಿವಾಯ, ದೊಡ್ಡಕ್ಷರದಲ್ಲಿ, ಸಣ್ಣಕ್ಷರದಲ್ಲಿ,
ನಡುವೆ ಜಾಗ ಬಿಟ್ಟು, ಬಿಡದೆ.
ಶಿವ ಬಾಗಿಲು ತೆರೆಯಲಿಲ್ಲ.

ಜಿ.ಎಂ. ಅಂದರು: ಕಂಪನಿ ಕಾಗದಕ್ಕೆ ಇವರದೇನು ಬೀಗ?
ಇನ್ನು ಮೇಲೆ ಯಾರೂ ಹಾಕದ ಹಾಗೆ ಮಾಡು.
ಮಾತು ಸರಿಯೇ. ಎಲ್ಲಿ ಹಿಡಿದು ನೋಡಿದರೂ ಸರಿ.
ಆದರೂ ಕೈ ಕೂಡಲೇ ಏಳಲಿಲ್ಲ.

ಬೀಗದ ಕೈ ಕೇಳಲು ಬೀಗರ ಹಾಗೆ ಹೋದೆ,
ಒಂದು ಕೆ.ಜಿ. ಮೂಸಂಬಿ, ಬಗಲಲ್ಲಿ ಲ್ಯಾಪ್‌ಟಾಪು.
ಗೋಪಾಳದ ಮನೆ, ಮೊದಲ ಮಹಡಿ,
ಮಂಚದ ತಲೆದೆಸೆಗೆ ಇನ್ನೂ ಕಂಪನಿಯ ಕ್ಯಾಲೆಂಡರು.
ಬಲಗೈ ಯಾರದೋ ಸಾಮಾನಿನಂತೆ ಮಡಿಲಲ್ಲಿತ್ತು.
ಎಡಗೈಯ ತೋರುಬೆರಳು ಚಾಚಿದರು.
ಹೊಸ ಬಡಾವಣೆಯಲ್ಲಿ ಮನೆ ನಂಬರು ಹುಡುಕುವ ಪೋಸ್ಟ್‌ಮನ್ನಿನಂತೆ
ಬೆರಳು ಅಲೆಯಿತು, ನಿಂತಿತು, ಒತ್ತಿತು.
ಅಭ್ಯಾಸಬಲ, ನಾನು ಗೋಡೆಯತ್ತ ತಿರುಗಿದೆ.
ಟಕ್. ಬಹಳ ಹೊತ್ತು. ಟಕ್.
ಆರಲ್ಲ, ಒಂಬತ್ತು.
ತಿರುಗಿದರೆ ತೆರೆಯ ಮೇಲೆ ಒಂಬತ್ತು ಚುಕ್ಕೆ,
ಗೆರೆ ಎಳೆಯದೆ ಎದ್ದುಹೋದ ರಂಗೋಲಿ.

ಗಂಟು ಬಿಚ್ಚಿತು.
ಪುಣೆಯ ಮೇಲು ಅಲ್ಲೇ ಇತ್ತು,
'ಎರಡು ಮಿಲಿಮೀಟರ್ ಇಳಿಸಿ' ಎಂದು, ಸಹಿ ಸಮೇತ.
ಅದರ ಕೆಳಗೆ 'ಇತರೆ' ಎಂಬ ಡಬ್ಬಿ:
ತಮಗೆ ತಾವೇ ಕಳಿಸಿಕೊಂಡ ರಾಜೀನಾಮೆಗಳು,
ಪ್ರತಿ ಮಾರ್ಚ್ ಮೂವತ್ತೊಂದಕ್ಕೆ ಒಂದೊಂದು.
ಹಳೆಯದು ಒಂದೂವರೆ ಪುಟ, ಬೈಗುಳ ಸೇರಿ.
ಕೊನೆಯದು ಒಂದೇ ಸಾಲು:
ಈ ವರ್ಷವೂ ಆಗಲಿಲ್ಲ.

ನಾನು ಓದಿದ್ದನ್ನು ಅವರು ನನ್ನ ಮುಖದಲ್ಲಿ ಓದಿದರು.

'ಅಮ್ಮಾ, ಕುಡಿಯೋಕೆ ಸ್ವಲ್ಪ ನೀರು' ಎಂದು
ಬಾಯಾರಿಕೆಯಿಲ್ಲದ ನಾನು ಅಡುಗೆಮನೆಗೆ ಹೋದೆ.
ಪ್ರಭಾವತಮ್ಮ ನೀರಿನ ಜೊತೆ ಬೆಲ್ಲದ ಚೂರು ಕೊಟ್ಟು
'ಏನೋ ಹೇಳಕ್ಕೆ ಹೋಗ್ತಾರೆ ಕಣಪ್ಪ, ನಂಗೆ ತಿಳಿಯಲ್ಲ' ಅಂದರು.
ಗುಟುಕು ಗುಟುಕಾಗಿ ಕುಡಿದೆ.
ಆಚೆ ಕೋಣೆಯಲ್ಲಿ ಟಕ್. ಬಹಳ ಹೊತ್ತು. ಟಕ್.
ಮರಳಿ ಬಂದಾಗ ಅವರು ಕಣ್ಣು ಮುಚ್ಚಿದ್ದರು.
ಡಬ್ಬಿಯಲ್ಲಿ ಎಷ್ಟಿದ್ದವು, ಎಷ್ಟು ಉಳಿದವು?
ಮೊದಲು ಎಣಿಸಿರಲಿಲ್ಲ. ಆಮೇಲೆ ತೆರೆಯಲಿಲ್ಲ.

ಸುತ್ತೋಲೆ ಬರೆದವನೂ ನಾನೇ:
'ಕಚೇರಿಯ ಪತ್ರಗಳು ಕಚೇರಿಯವು. ಬೀಗ ಹಾಕುವಂತಿಲ್ಲ.
ನಿಮ್ಮದೇನಾದರೂ ಇದ್ದರೆ ಶನಿವಾರದೊಳಗೆ ಎತ್ತಿಕೊಳ್ಳಿ.'
ಎರಡನೇ ಸಾಲು ಯಾರೂ ಹೇಳಿಕೊಟ್ಟದ್ದಲ್ಲ.
ಜಿ.ಎಂ. ಓದದೆ ಸಹಿ ಹಾಕಿದರು.

ಸೋಮವಾರ ಅರವತ್ತೆರಡು ಯಂತ್ರಗಳಲ್ಲೂ
ಪಾಸ್‌ವರ್ಡಿನ ಗುಂಡಿ ಬೂದಿಬಣ್ಣಕ್ಕೆ ತಿರುಗಿತ್ತು.
ಕಾಣುತ್ತದೆ; ಎಷ್ಟು ಒತ್ತಿದರೂ ಕೇಳುವುದಿಲ್ಲ.
ಪುಣೆಯವರು ತೆಪ್ಪಗಾದರು. ನನಗೆ ಎರಡು ಸಾವಿರ ಬಹುಮಾನ,
ಕ್ಯಾಂಟೀನಿನಲ್ಲಿ ಮೈಸೂರುಪಾಕು.

ಆ ಶನಿವಾರದ ಮಾತೊಂದು ಹೇಳಲು ಮರೆತೆ.
ಪೆನ್‌ಡ್ರೈವ್ ಕೇಳಿ ಬಂದವರು ಹನ್ನೊಂದು ಜನ.
ಫ್ಲಾವಿಯಾ ಏನೂ ಕೇಳಲಿಲ್ಲ.
ಊಟದ ಹೊತ್ತು, ಡಬ್ಬಿಯನ್ನೂ ಬಿಚ್ಚದೆ,
ಒಬ್ಬಳೇ ಕೂತು ಒಂದೊಂದಾಗಿ ಅಳಿಸುತ್ತಿದ್ದಳು,
ಅಳಿಸುವ ಮುಂಚೆ ಒಂದೊಂದನ್ನೂ ಓದುತ್ತಾ.
ನನ್ನನ್ನು ಕಂಡು ತೆರೆಯನ್ನು ಸ್ವಲ್ಪ ಆಚೆ ತಿರುಗಿಸಿದಳು.
ನಾನೂ ಗೋಡೆಯತ್ತ.